ಅಂಗಳದಾಗಿನ ಹಳೇ ಕಾರು: ಕಬ್ಬಿಣದ ರೇಟು, ಕಾಗದದ ರೇಟು

ನಮ್ಮ ಕಡಿ ಗಾಡಿಗಳ ಚರಿತ್ರೆ, ಹೊಸ ಕಂತು. ಸ್ವಲ್ಪ ಉದ್ದ ಅದ, ಸೇವ್ ಮಾಡಿಟ್ಕೊಂಡು ಓದ್ರಿ.

ಕೊಡ್ಲಿಯಿಂದ ಸೇಡಂ ಕಡಿ ಹೋಗ್ರಿ, ಚಿಂಚೋಳಿ ಕಡಿ ಹೋಗ್ರಿ, ಯಾವುದರ ಮನಿ ಅಂಗಳದಾಗ ಒಂದು ಹಳೇ ಕಾರು ನಿಂತಿರ್ತದ. ಟೈರಿನ ಗಾಳಿ ಹೋಗಿರ್ತದ, ಬಾನೆಟ್ ಮ್ಯಾಲ ಬಟ್ಟಿ ಒಣಗ್ತಿರ್ತಾವ. ಭಂಗಾರದವ ಬಂದು "ಕೊಡ್ತೀರೇನ್ರಿ?" ಅಂತಾನ. ಅಪ್ಪ ಒಂದು ರೇಟು ಹೇಳ್ತಾರ, ಅವ ಅದರ ಕಾಲುಭಾಗ ಹೇಳ್ತಾನ. ಅಪ್ಪ ರೇಟು ಹೇಳೋದು ಕಾರಿಗೆ, ಅವ ಹೇಳೋದು ಕಬ್ಬಿಣಕ್ಕ. ಇಬ್ಬರೂ ಬಾಯಿಬಿಡದ ಮೂರನೇದೊಂದು ಅದ, ಕಾಗದ. ಈ ಕಂತು ಅದರ ಬಗ್ಗೆನೇ.

ಅಪ್ಪ ಅಷ್ಟು ರೇಟು ಯಾಕ ಹೇಳ್ತಾರ ಅನ್ನೋದಕ್ಕ ಚರಿತ್ರೆ ಅದ. ನಗಬ್ಯಾಡ್ರಿ.

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಅಮೆರಿಕದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಕಾರು ಜೋಡಿಸುತ್ತಿದ್ದವು. ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಬೇಡ ಎಂದು 1953ರಲ್ಲಿ ಸರ್ಕಾರ ನಿಲುವು ತೆಗೆದುಕೊಂಡ ಮೇಲೆ ಆ ಎರಡೂ ಕಂಪನಿ ಬಾಗಿಲು ಹಾಕಿದವು. ಓಡುತ್ತಿದ್ದ ಗಾಡಿಗಳು ಮಾತ್ರ ಉಳಿದವು, ಅವಕ್ಕೆ ಹೊಸ ಸಾಮಾನು ಸಿಗುವುದು ಕಷ್ಟವಾಯಿತು. ಒಂದು ಕಾರು ಬದುಕಬೇಕೆಂದರೆ ಇನ್ನೊಂದು ಕಾರು ಬಿಚ್ಚಬೇಕು. ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್‌ನಂಥ ಕಡೆ ಹಳೆ ಬಿಡಿಭಾಗಗಳದೇ ದೊಡ್ಡ ಪೇಟೆಗಳಾದವು. ಗುಜರಿ ಅಂದ್ರ ಕಸ ಅಂತ ನಾವು ಅನ್ಕೊಂಡೀವಿ. ಆ ಕಾಲಕ್ಕ ಅದೇ ಸ್ಪೇರ್ ಪಾರ್ಟ್ಸ್ ಅಂಗಡಿ.

ಆಮೇಲೆ ಉಳಿದದ್ದು ಮೂರೇ ಹೆಸರು: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. 1959ರಲ್ಲಿ ಕಾರು ಹಂಚಿಕೆಗೇ ಸರ್ಕಾರಿ ನಿಯಂತ್ರಣ ಆದೇಶ ಬಂತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕೈಗೆ ಸಿಗುವ ಹಳೆಯ ಕಾರಿಗೆ, ಪಾಳಿಯಲ್ಲಿರುವ ಹೊಸ ಕಾರಿಗಿಂತ ಹೆಚ್ಚು ಹಣ ಕೊಟ್ಟು ಒಯ್ಯುವವರಿದ್ದರು. ಇಂಥ ಕಾಲದಾಗ ಕಾರು ಗುಜರಿಗೆ ಹಾಕೋ ಮಾತು ಯಾರು ಆಡ್ತಾರ? ಎಂಜಿನ್ ಬೋರ್ ಮಾಡಿಸು, ತಗಡು ವೆಲ್ಡಿಂಗ್ ಹೊಡಿಸು, ಓಡಿಸು. ನಮ್ಮ ಹಿರಿಯರ ತಲೆಯಲ್ಲಿ "ಗಾಡಿಗೆ ಯಾವಾಗಲೂ ಬೆಲೆ ಇರ್ತದ" ಅನ್ನೋ ಮಾತು ಕುಂತದ್ದು ಅಲ್ಲಿ.

1983ರ ಡಿಸೆಂಬರ್ 14ಕ್ಕೆ ಮೊದಲ ಮಾರುತಿ 800ರ ಕೀಲಿ ಕೈ ಬದಲಾಯಿತು. 1991ರ ನಂತರ ಹೊಸ ಕಂಪನಿಗಳು ಬಂದವು, ಸಾಲ ಸುಲಭವಾಯಿತು, ಹೊಸ ಕಾರು ಕೂಡಲೇ ಸಿಗತೊಡಗಿತು. ಹಳೇದರ ಬೆಲೆ ಕುಸಿಯದೆ ಏನಾಗಬೇಕು? ಪದ್ಮಿನಿ ನಿಂತಿತು, 2014ರಲ್ಲಿ ಅಂಬಾಸಿಡರ್ ಕೂಡ ನಿಂತಿತು. ಅದೇ ವರ್ಷ ಮಾರುತಿ 800 ತಯಾರಿಕೆಯೂ ಮುಗಿಯಿತು. ರೇಟು ಹೋಯಿತು, ನಂಬಿಕೆ ಮಾತ್ರ ಹೋಗಲಿಲ್ಲ.

ಈಗ ಕಾಗದಕ್ಕ ಬರೋಣ. 2021ರ ಆಗಸ್ಟ್ 13ರಂದು ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಗೆ ಚಾಲನೆ ಕೊಟ್ಟಿತು, ಮುಂದಿನ ತಿಂಗಳು ನಿಯಮ ಹೊರಟಿತು. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಖಾಸಗಿ ಕಾರು ತಗೊಂಡರೆ ನೋಂದಣಿ ಶುಲ್ಕ ಇಲ್ಲ, ರಸ್ತೆ ತೆರಿಗೆಯಲ್ಲಿ ರಾಜ್ಯಗಳು 25%ವರೆಗೆ ರಿಯಾಯಿತಿ ಕೊಡಬಹುದು. ಬಾಡಿಗೆ ಗಾಡಿಗಾದರೆ 15%. ಕಾರು ಕಂಪನಿಗಳಿಗೂ 5% ಬಿಡಿ ಎಂದು ಸಲಹೆ ಹೋಗಿದೆ, ಆದರೆ ಸಲಹೆ ಅಂದ್ರ ಸಲಹೆ. ಶೋರೂಮಿನಾಗ ಬಾಯಿಬಿಟ್ಟು ಕೇಳಿದವರಿಗಷ್ಟೇ ಏನಾದರೂ ಸಿಕ್ಕೀತು.

ಒಂದು ಲೆಕ್ಕ ಹಾಕೋಣ. ಮಾರುತಿ 800ರ ತೂಕ ಸುಮಾರು 650 ಕೆ.ಜಿ. ಅದರಾಗ ಸುಮಾರು 65% ಕಬ್ಬಿಣ-ಉಕ್ಕು, ಅಂದ್ರ 420 ಕೆ.ಜಿ. ಆಸುಪಾಸು. ಕೆ.ಜಿ.ಗೆ 25 ರೂಪಾಯಿ ಅಂತ ಇಟ್ಕೊಳ್ರಿ (ಇದು ಲೆಕ್ಕಕ್ಕಷ್ಟೇ, ರೇಟು ದಿನಾ ಬದಲಾಗ್ತದ), 10,500 ಆಯಿತು. ಈಗ ಹೊಸ ಕಾರಿನ ರಸ್ತೆ ತೆರಿಗೆ 80,000 ಅಂತ ಇಟ್ಕೊಳ್ರಿ. ಪೂರ್ತಿ 25% ರಿಯಾಯಿತಿ ಸಿಕ್ಕರ 20,000 ಉಳೀತದ. ಕಬ್ಬಿಣಕ್ಕಿಂತ ಕಾಗದಕ್ಕ ಹತ್ತಿರ ಹತ್ತಿರ ಎರಡರಷ್ಟು! ಹೊಸ ಕಾರು ನೀವೇ ತಗೊಳ್ಳಬೇಕಂತ ಇಲ್ಲ, ಆ ಪ್ರಮಾಣಪತ್ರ ಇನ್ನೊಬ್ಬರಿಗೆ ವರ್ಗ ಮಾಡಬಹುದು. ಮಾಮಾ ಕಾರು ತಗೊಳ್ಳೋರಿದ್ದರ ಅವರ ಜೋಡಿ ಮೊದಲೇ ಮಾತಾಡ್ರಿ. ನಿಮ್ಮ ಹೊತ್ತಿಗೆ ರಿಯಾಯಿತಿ ಎಷ್ಟದ ಅನ್ನೋದನ್ನ ಆರ್‌ಟಿಓ ಕಚೇರಿಯಲ್ಲೇ ಕೇಳಿ ಖಾತ್ರಿ ಮಾಡ್ಕೊಳ್ರಿ.

ಬೇರೆ ದೇಶದವರು ಇದನ್ನ ರೊಕ್ಕ ಕೊಟ್ಟೇ ಮಾಡಿಸಿದರು. 2009ರ ಮಂದಗತಿಯಲ್ಲಿ ಜರ್ಮನಿ ಒಂಬತ್ತು ವರ್ಷ ದಾಟಿದ ಕಾರು ಒಪ್ಪಿಸಿ ಹೊಸದು ಕೊಂಡವರಿಗೆ 2,500 ಯೂರೋ ಕೊಟ್ಟಿತು. ಅದೇ ವರ್ಷ ಅಮೆರಿಕ 3,500 ಇಲ್ಲವೇ 4,500 ಡಾಲರ್ ಕೊಟ್ಟು, ಹಳೆ ಎಂಜಿನ್‌ಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಓಡಿಸಿ ಜಾಮ್ ಮಾಡಿಸಿತು, ಮತ್ತೆ ಯಾರೂ ರಸ್ತೆಗೆ ತರಬಾರದಂತ. ನಮ್ಮಲ್ಲಿ ಆ ನಗದು ಇಲ್ಲ. ಹಾಗಾಗಿ ಕಾಗದವನ್ನು ಬಿಟ್ಟುಕೊಟ್ಟರೆ ಉಳಿಯೋದು ತಗಡು.

ಈಗ ಇದನ್ನ ಎರಡು ಸಲ ಓದ್ರಿ. ಅವಸರದಾಗ ಆರ್‌ಸಿ ರದ್ದು ಮಾಡಿಸದೆ ಗಾಡಿ ಕೊಟ್ಟುಬಿಟ್ರಿ, ಅವ ಅದನ್ನ ಬಿಚ್ಚಲಿಲ್ಲ, ರಿಪೇರಿ ಮಾಡಿ ಇನ್ನೊಬ್ಬಗ ಮಾರಿದ ಅಂತ ಇಟ್ಕೊಳ್ರಿ. ಸರ್ಕಾರದ ದಾಖಲೆಯಲ್ಲಿ ಒಡೆಯ ಯಾರು? ನಿಮ್ಮ ಅಪ್ಪ. ಕೈಯಿಂದ ಕೈಗೆ ಮಾರಾಟವಾಗಿದ್ದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರಿದ್ದ ಮೊದಲಿನ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ತೀರ್ಪು ಕೊಟ್ಟಿತು. ಕಾರು ಮಾರಿ ವರ್ಷಗಳೇ ಆಗಿದ್ದರೂ ಹೊಣೆ ತಪ್ಪಲಿಲ್ಲ. ಗಾಡಿ ನಾಶವಾದರೆ ಅಥವಾ ಕಾಯಂ ಕೆಟ್ಟರೆ 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂನಲ್ಲೇ ಬರೆದದ. ಗುಜರಿಯವ ಎರಡು ಸಾವಿರ ಹೆಚ್ಚು ಕೊಟ್ಟ ಅಂತ ಖುಷಿಪಡೋಕ್ಕಿಂತ ಮೊದಲು ಇದನ್ನ ಲೆಕ್ಕಕ್ಕ ಹಿಡೀರಿ.

ಹಂಗಂತ ಗುಜರಿಯವರೆಲ್ಲ ಕಳ್ಳರು ಅಂತ ನಾನು ಹೇಳಂಗಿಲ್ಲ. ಯಾವ ಗಾಡಿಯ ಯಾವ ನಟ್ಟು ಎಲ್ಲಿ ಮಾರಾಟ ಆಗ್ತದ ಅನ್ನೋದು ಅವರಷ್ಟು ಯಾರಿಗೂ ಗೊತ್ತಿಲ್ಲ. ಅದಕ್ಕೇ ಅವರು ತೂಕದ ರೇಟಿಗಿಂತ ಹೆಚ್ಚು ಕೊಡೋದೂ ಉಂಟು. ಬ್ಯಾಟರಿ, ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಹೊಸ ಟೈರು ಇವಕ್ಕೆಲ್ಲ ಬೇರೆ ಬೇರೆ ಗಿರಾಕಿ. 2000ರ ನಂತರದ ಪೆಟ್ರೋಲ್ ಕಾರಾದರೆ ಸೈಲೆನ್ಸರ್ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರ್ತದ. ಅದರೊಳಗ ಚೂರೇ ಚೂರು ಪ್ಲಾಟಿನಂ, ಪಲ್ಲಾಡಿಯಂ ಜಾತಿಯ ಬೆಲೆಬಾಳುವ ಲೋಹ. ಅದನ್ನೂ "ಹಳೇ ಪೈಪು" ಅಂತ ತೂಕಕ್ಕ ಹಾಕಿದರ ಲುಕ್ಸಾನು ನಮ್ದೇ. ಗಾಡಿ ಪೂರ್ತಿ ಇದ್ದರ ಎಷ್ಟು, ಬ್ಯಾಟರಿ-ಟೈರು ನಾವು ಬಿಚ್ಚಿಕೊಂಡರ ಎಷ್ಟು, ಎರಡೂ ಕೇಳ್ರಿ. ಕನಿಷ್ಠ ಮೂರು ಕಡೆ ಕೇಳ್ರಿ. ಸರ್ಕಾರಿ ಇಲಾಖೆಗಳ ಹಳೆ ಗಾಡಿಗಳೂ ಹರಾಜಿನಾಗೇ ಹೋಗ್ತಾವ. ಇದಕ್ಕಂತ ಇರೋ ಎಂ.ಎಸ್.ಟಿ.ಸಿ. ಅನ್ನೋ ಕೇಂದ್ರದ ಸಂಸ್ಥೆ 1964ರಲ್ಲಿ ಹುಟ್ಟಿದ್ದೇ ಗುಜರಿ ಲೋಹದ ವ್ಯಾಪಾರಕ್ಕೆ. ಅಷ್ಟು ದೊಡ್ಡವರೇ ನಾಲ್ಕು ಜನರಿಂದ ರೇಟು ಕೂಗಿಸ್ತಾರಂದ್ರ, ನಾವ್ಯಾಕ ಬಾಗಿಲಿಗೆ ಬಂದ ಮೊದಲನೇವಗ ಕೊಡಬೇಕು?

ನಿಲ್ಲಿಸಿಟ್ಟರ ಖರ್ಚಿಲ್ಲ ಅನ್ನೋರಿಗೂ ಒಂದು ಮಾತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000.

ಆದರ ಪ್ಲೇಟ್ ನೋಡದೆ ಮಾತ್ರ ಕೊಡಬ್ಯಾಡ್ರಿ. ನಮ್ಮ ಕೆಎ-32 ಬಂದದ್ದು 1988ರ ಕಾಯ್ದೆ ಜಾರಿಯಾದ ಮೇಲೆ. ಅದಕ್ಕೂ ಹಿಂದಿನ, ಮೈಸೂರು ರಾಜ್ಯದ ಎಂ.ವೈ. ಅಕ್ಷರದ ಪ್ಲೇಟು ಇದ್ದರ ನಿಲ್ರಿ. 50 ವರ್ಷ ದಾಟಿ ಮೂಲ ರೂಪದಾಗೇ ಉಳಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು 2021ರ ನಿಯಮದಲ್ಲಿ ಅವಕಾಶ ಅದ. ಅದನ್ನ ಕೆ.ಜಿ. ಲೆಕ್ಕದಾಗ ಕೊಡೋದು ಅಂದ್ರ ಅಜ್ಜಿಯ ಬೋರಮಾಳ ಸರವನ್ನ ಹಿತ್ತಾಳಿ ರೇಟಿಗೆ ಹಾಕಿದಂಗ.

ಕೊಡೋದೇ ಖರೇ ಅಂದ್ರ: ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸ್ರಿ, ಬಾಕಿ ದಂಡ ಕಟ್ರಿ, ಕೇಂದ್ರ ನೋಂದಾಯಿತ ಹೌದೋ ಅಲ್ಲೋ ಅಂತ ಪರಿವಾಹನ್ ಜಾಲತಾಣದಾಗ ನೋಡ್ರಿ, ರೊಕ್ಕ ಖಾತೆಗೇ ಹಾಕಿಸ್ಕೊಳ್ರಿ. ಠೇವಣಿ ಪ್ರಮಾಣಪತ್ರ ಕೈಗೆ ಬಂದ ಮೇಲೂ, ಗಾಡಿ ಬಿಚ್ಚಿದ ಪ್ರಮಾಣಪತ್ರ ಮತ್ತು ಆರ್‌ಸಿ ರದ್ದಾದ ದಾಖಲೆ ಬರೋತನಕ ಬೆನ್ನು ಬಿಡಬ್ಯಾಡ್ರಿ.

ಮುಂದ ಆ ಕಬ್ಬಿಣ ಏನಾಗ್ತದ? ಕುಲುಮೆಯಲ್ಲಿ ಕರಗಿ ಸರಳಾಗ್ತದ. ವಾಡಿ, ಸೇಡಂ ಸಿಮೆಂಟಿನ ಜೋಡಿ ಯಾರದೋ ಮನಿ ಸ್ಲ್ಯಾಬಿನಾಗ ಸೇರಬಹುದು. ಆ ಕಥಿ ಮುಂದಿನ ಕಂತಿಗೆ.

ನಿಮ್ಮ ಅಂಗಳದಾಗ ಯಾವ ಕಾರು ನಿಂತದ? ಹೆಸರು, ವರ್ಷ ಕಾಮೆಂಟ್ ಮಾಡ್ರಿ. ಗಾಡಿ ನಂಬರ್ ಮಾತ್ರ ಹಾಕಬ್ಯಾಡ್ರಿ.

#ಕೊಡ್ಲಿ #ಸೇಡಂ #ಚಿಂಚೋಳಿ #ನಮ್ಮಕಡಿಗಾಡಿಗಳು