ದಿಲ್ಲಿಯಲ್ಲಿ ತಂಗುವುದು ಎಲ್ಲಿ?

ಮಕ್ಕಳಿಗೆ ರಜೆ ಬಂದಾಗ ಒಮ್ಮೆ ದಿಲ್ಲಿ ನೋಡಿಕೊಂಡು ಬರಬೇಕೆಂಬುದು ನಮ್ಮ ಕಡೆಯ ಅನೇಕ ಕುಟುಂಬಗಳ ಹಳೆಯ ಆಸೆ. ಏನು ನೋಡಬೇಕೆಂಬ ಪಟ್ಟಿ ಬೇಗನೆ ಸಿದ್ಧವಾಗುತ್ತದೆ. ಕೆಂಪು ಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ರಾಜಘಾಟ್, ಸಮಯ ಉಳಿದರೆ ಆಗ್ರಾ. ಆದರೆ ಎಲ್ಲಿ ತಂಗಬೇಕು ಎಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಚರ್ಚೆ ಮುಗಿಯುವುದಿಲ್ಲ. ಸ್ಟೇಷನ್ನಿಗೆ ಹತ್ತಿರವಿರಲಿ ಎಂದು ಒಬ್ಬರು, ಊಟ ನಮಗೆ ಒಗ್ಗುವಂತಿರಲಿ ಎಂದು ಇನ್ನೊಬ್ಬರು. ಕೊನೆಗೆ ಹಿರಿಯರೊಬ್ಬರು ಮೆಲ್ಲನೆ ಹೇಳುತ್ತಾರೆ: "ನಮ್ಮವರು ಇರುವ ಕಡೆಯೇ ಇರೋಣ, ಅದೇ ಕ್ಷೇಮ."

ಈ 'ನಮ್ಮವರು ಇರುವ ಕಡೆ' ಎಂಬ ಮಾತನ್ನು ನಾವು ತೀರಾ ಸಹಜವೆಂಬಂತೆ ಸ್ವೀಕರಿಸುತ್ತೇವೆ. ಆದರೆ ದಿಲ್ಲಿಯಲ್ಲಿ ಯಾವ ಮೊಹಲ್ಲಾ ಯಾರದ್ದು ಎಂಬುದು ತಾನಾಗಿ ಆದದ್ದಲ್ಲ. ಅದರ ಹಿಂದೆ ಒಂದು ಚರಿತ್ರೆಯಿದೆ. ಪ್ರಯಾಣಿಕನಿಗೆ ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು, ಯಾರ ಮನೆ ಯಾರ ಪಾಲಾಯಿತು ಎಂಬ ಚರಿತ್ರೆ ಅದು. ಕೋಣೆ ಕಾದಿರಿಸುವ ಮುನ್ನ ಅದನ್ನೊಮ್ಮೆ ತಿರುವಿ ನೋಡುವುದು ಉಪಯುಕ್ತ.

ದಿಲ್ಲಿಯ ನಕಾಶೆಯನ್ನು ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು 'ಸರಾಯ್' ಎಂಬ ಪದ. ಯೂಸುಫ್ ಸರಾಯ್, ಬೇರ್ ಸರಾಯ್, ಕಟ್ವಾರಿಯಾ ಸರಾಯ್, ಲಾಡೊ ಸರಾಯ್, ಸರಾಯ್ ರೋಹಿಲ್ಲಾ, ಸರಾಯ್ ಕಾಲೇ ಖಾನ್. ಸರಾಯ್ ಎಂದರೆ ದಾರಿಹೋಕರ ತಂಗುದಾಣ. ನಮ್ಮಲ್ಲಿನ ಛತ್ರ, ಮುಸಾಫಿರ್‌ಖಾನಾಗಳ ಹಾಗೆ. ಬೆಂಗಳೂರು ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1540ರಿಂದ 1545ರವರೆಗೆ ಆಳಿದ ಶೇರ್ ಶಾಹ ಸೂರಿ ಹೆದ್ದಾರಿಗಳ ಉದ್ದಕ್ಕೂ ಸರಾಯ್‌ಗಳನ್ನು ಕಟ್ಟಿಸಿದ. ಅವುಗಳಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ಕೋಣೆಗಳಿದ್ದವು, ಹಿಂದೂ ಪ್ರಯಾಣಿಕರಿಗೆ ನೀರು, ಅಡುಗೆ ಒದಗಿಸಲು ಬ್ರಾಹ್ಮಣರನ್ನು ನೇಮಿಸಲಾಗಿತ್ತು ಎಂದು ಅವನ ಚರಿತ್ರೆ ಬರೆದ ಅಬ್ಬಾಸ್ ಖಾನ್ ಸರ್ವಾನಿ ದಾಖಲಿಸಿದ್ದಾನೆ. ಕೋಣೆಗಳು ಬೇರೆಯಾಗಿದ್ದವು ನಿಜ. ಆದರೆ ಹೆಬ್ಬಾಗಿಲು ಒಂದೇ ಆಗಿತ್ತು. ಬಂದವನನ್ನು ಅವನ ಧರ್ಮದ ಕಾರಣಕ್ಕೆ ಹಿಂದಕ್ಕೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ ಎಂಬುದು ಗಮನಾರ್ಹ.

ದಿಲ್ಲಿಯ ಸರಾಯ್‌ಗಳಲ್ಲೆಲ್ಲ ಹೆಸರಾದದ್ದು ಒಬ್ಬ ಹೆಣ್ಣುಮಗಳು ಕಟ್ಟಿಸಿದ್ದು. ಶಹಜಹಾನನ ಮಗಳು ಜಹಾನಾರಾ ಬೇಗಂ 1650ರ ಸುಮಾರಿಗೆ ಚಾಂದನಿ ಚೌಕವನ್ನೂ ಅದರ ಪಕ್ಕದಲ್ಲಿ ಎರಡಂತಸ್ತಿನ ಭವ್ಯ ಸರಾಯೊಂದನ್ನೂ ನಿರ್ಮಿಸಿದಳು. ಫ್ರೆಂಚ್ ವೈದ್ಯ ಬರ್ನಿಯರ್ ಇದನ್ನು ಕಣ್ಣಾರೆ ಕಂಡಿದ್ದ. ಸಾಧಾರಣ ಸರಾಯ್‌ಗಳ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಮನುಷ್ಯರೂ ಕುದುರೆ ಒಂಟೆಗಳೂ ಒಟ್ಟಿಗೆ ತುಂಬಿಕೊಂಡ ದೊಡ್ಡಿಗಳೆಂದೇ ಅವನು ಅವುಗಳನ್ನು ಬಗೆದಿದ್ದ. ಆದರೆ ಬೇಗಮಳ ಸರಾಯ್ ಕಂಡು ಅವನು ಬೆರಗಾದ. ಪರ್ಷಿಯಾ, ಉಜ್ಬೇಕ್ ನಾಡು ಮುಂತಾದೆಡೆಯ ಶ್ರೀಮಂತ ವ್ಯಾಪಾರಿಗಳು ಅಲ್ಲಿ ತಂಗುತ್ತಿದ್ದರು. ರಾತ್ರಿ ಹೆಬ್ಬಾಗಿಲು ಮುಚ್ಚುತ್ತಿದ್ದುದರಿಂದ ಕಳ್ಳಕಾಕರ ಭಯವಿರಲಿಲ್ಲ. ಪ್ಯಾರಿಸ್ಸಿನಲ್ಲಿ ಇಂಥ ಇಪ್ಪತ್ತು ಕಟ್ಟಡಗಳಿದ್ದರೆ ಹೊಸಬರು ತಂಗಲು ಜಾಗವಿಲ್ಲದೆ ಪರದಾಡುವುದು ತಪ್ಪುತ್ತಿತ್ತು ಎಂದು ಅವನು ಬರೆದ. ಯುರೋಪಿನ ಪ್ರವಾಸಿಯೊಬ್ಬ ತನ್ನ ರಾಜಧಾನಿಗೆ ದಿಲ್ಲಿಯ ಮಾದರಿಯನ್ನು ಬಯಸಿದ ಕಾಲವದು.

ಇಂದು ಆ ಸರಾಯನ್ನು ಹುಡುಕಿ ಹೊರಟರೆ ಸಿಗುವುದು ಪುರಭವನ, ಅಂದರೆ ಟೌನ್ ಹಾಲ್. 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ದಿಲ್ಲಿಯನ್ನು ಮರಳಿ ವಶಪಡಿಸಿಕೊಂಡ ಮೇಲೆ ನಗರದ ಜನರನ್ನೆಲ್ಲ ಗೋಡೆಯಾಚೆಗೆ ಅಟ್ಟಿದರು. ಹಿಂದೂಗಳಿಗೆ 1858ರಲ್ಲಿ ಮರಳಲು ಅನುಮತಿ ಸಿಕ್ಕಿತು. ಮುಸ್ಲಿಮರು ಇನ್ನೂ ಕಾಯಬೇಕಾಯಿತು. ಕೋಟೆಯ ಸುತ್ತಲಿನ ಮೊಹಲ್ಲಾಗಳು, ಮಸೀದಿಗಳು ನೆಲಸಮವಾದವು. ಬೇಗಮಳ ಸರಾಯೂ ಉರುಳಿತು. ಅದರ ಜಾಗದಲ್ಲಿ 1860ರ ದಶಕದಲ್ಲಿ ಎದ್ದ ಕಟ್ಟಡವೇ ಟೌನ್ ಹಾಲ್. ಬಲ್ಲಿಮಾರಾನ್‌ನ ಗಲಿ ಕಾಸಿಂ ಜಾನ್‌ನಲ್ಲಿ ವಾಸವಾಗಿದ್ದ ಕವಿ ಮಿರ್ಜಾ ಗಾಲಿಬ್ ಈ ವಿನಾಶಕ್ಕೆ ಸಾಕ್ಷಿಯಾಗಿದ್ದರು. ಅವರ ಪತ್ರಗಳ ತುಂಬ ಕಳೆದುಹೋದ ದಿಲ್ಲಿಯ ಶೋಕವಿದೆ.

1867ರಲ್ಲಿ ಯಮುನೆಯ ಸೇತುವೆ ದಾಟಿ ರೈಲು ದಿಲ್ಲಿಗೆ ಬಂತು. ಅದೇ ವರ್ಷ ಸರಾಯ್ ಕಾಯಿದೆಯೂ ಬಂತು. ಸರಾಯ್ ನಡೆಸುವವರು ಹೆಸರು ನೋಂದಾಯಿಸಬೇಕು, ಜಾಗವನ್ನು ಶುಚಿಯಾಗಿಡಬೇಕು, ಕಾವಲು ಇಡಬೇಕು ಎಂದು ಅದು ವಿಧಿಸಿತು. ಇದೆಲ್ಲ ಒಳ್ಳೆಯದೇ. ಆದರೆ ಹೊಸ ಕಾಲದ ತಂಗುದಾಣಗಳು ಜನರನ್ನು ವಿಂಗಡಿಸತೊಡಗಿದವು. ರೈಲು ನಿಲ್ದಾಣದ ಬಳಿ, ಫತೇಪುರಿಯ ಆಸುಪಾಸು ವರ್ತಕ ಸಮುದಾಯಗಳು ಧರ್ಮಶಾಲೆಗಳನ್ನು ಕಟ್ಟಿದವು. ಮುಸ್ಲಿಂ ಪ್ರಯಾಣಿಕರು ಜಾಮಾ ಮಸೀದಿಯ ಸುತ್ತಲಿನ ಗಲ್ಲಿಗಳನ್ನು ಆಶ್ರಯಿಸಿದರು. ಸಾಹೇಬರಿಗಾಗಿ ಗೋಡೆಯಾಚೆಯ ಸಿವಿಲ್ ಲೈನ್ಸ್‌ನಲ್ಲಿ 1903ರಲ್ಲಿ ಮೇಡನ್ಸ್ ಹೋಟೆಲ್, ಹೊಸ ದಿಲ್ಲಿಯಲ್ಲಿ 1936ರಲ್ಲಿ ಇಂಪೀರಿಯಲ್ ಹೋಟೆಲ್ ಬಂದವು. 'ನಮ್ಮವರು ಇರುವ ಕಡೆ' ಎಂಬ ಮಾತು ಹೀಗೆ ಗಟ್ಟಿಯಾಗುತ್ತಾ ಬಂತು.

ಆದರೂ 1947ರವರೆಗೆ ದಿಲ್ಲಿಯ ಮೊಹಲ್ಲಾಗಳು ಇಂದಿನಷ್ಟು ಒಂದೇ ಬಣ್ಣದವಾಗಿರಲಿಲ್ಲ. ಇದಕ್ಕೆ ಕರೋಲ್ ಬಾಗ್ ಒಳ್ಳೆಯ ಉದಾಹರಣೆ. ಇಂದು ಅದು ಪಂಜಾಬಿ ಬಡಾವಣೆ, ಕೌಟುಂಬಿಕ ಹೋಟೆಲುಗಳ ಕೇರಿ ಎಂದೇ ಪ್ರಸಿದ್ಧ. ದಕ್ಷಿಣದಿಂದ ಹೋದ ಸರಕಾರಿ ನೌಕರರೂ ಬಹುಕಾಲದಿಂದ ಅಲ್ಲಿ ನೆಲೆಸಿದವರೇ. ಆದರೆ ಹಕೀಂ ಅಜ್ಮಲ್ ಖಾನರು ಆಯುರ್ವೇದ, ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸಲೆಂದು ಕಟ್ಟಿದ ತಿಬ್ಬಿಯಾ ಕಾಲೇಜು ಇರುವುದೂ ಅಲ್ಲಿಯೇ. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಅಲಿಗಢದಲ್ಲಿ ಹುಟ್ಟಿದ ಜಾಮಿಯಾ ಮಿಲ್ಲಿಯಾ ವಿದ್ಯಾಲಯ 1925ರಲ್ಲಿ ಸ್ಥಳಾಂತರಗೊಂಡು ಬಂದದ್ದೂ ಕರೋಲ್ ಬಾಗ್‌ಗೆ. ಓಖ್ಲಾದಲ್ಲಿ ಸ್ವಂತ ಕಟ್ಟಡದ ಶಿಲಾನ್ಯಾಸವಾಗುವ 1935ರವರೆಗೂ ಅದರ ಬದುಕು ಅಲ್ಲಿಯೇ ನಡೆಯಿತು.

1947ರ ಸೆಪ್ಟೆಂಬರಿನಲ್ಲಿ ಗಲಭೆ ಭುಗಿಲೆದ್ದಾಗ ಅತಿ ಹೆಚ್ಚು ನಲುಗಿದ ಪ್ರದೇಶಗಳಲ್ಲಿ ಕರೋಲ್ ಬಾಗ್, ಪಹಾಡ್‌ಗಂಜ್ ಮತ್ತು ಸಬ್ಜಿ ಮಂಡಿ ಸೇರಿವೆ. ಮನೆ ತೊರೆದ ಮುಸ್ಲಿಮರು ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಆವರಣದಲ್ಲಿ ಡೇರೆಗಳಡಿ ಬದುಕಿದರು. ಈ ಶಿಬಿರಗಳಲ್ಲಿ ದುಡಿದ ಅನೀಸ್ ಕಿದ್ವಾಯಿ ತಮ್ಮ 'ಆಜಾದಿ ಕೀ ಛಾಂವ್ ಮೇಂ' ಕೃತಿಯಲ್ಲಿ ಆ ದಿನಗಳನ್ನು ದಾಖಲಿಸಿದ್ದಾರೆ. ಸುಮಾರು 3.3 ಲಕ್ಷ ಮುಸ್ಲಿಮರು ದಿಲ್ಲಿ ಬಿಟ್ಟರು. ಲಾಹೋರ್, ರಾವಲ್ಪಿಂಡಿ, ಮುಲ್ತಾನ್, ಪೇಶಾವರಗಳಿಂದ ಎಲ್ಲವನ್ನೂ ಕಳೆದುಕೊಂಡ ಸುಮಾರು 5 ಲಕ್ಷ ಹಿಂದೂಗಳು, ಸಿಖ್ಖರು ದಿಲ್ಲಿಗೆ ಬಂದರು. ಹೋದವರು ಬಿಟ್ಟ ಮನೆಗಳಲ್ಲಿ ಬಂದವರು ನೆಲೆಸಿದರು. ಅವರಾದರೂ ತಮ್ಮ ಮನೆಗಳನ್ನು ಹೀಗೆಯೇ ಬಿಟ್ಟು ಬಂದವರು. ಇದರಲ್ಲಿ ಒಬ್ಬರನ್ನು ದೂರಿ ಇನ್ನೊಬ್ಬರಿಗಾಗಿ ಮಾತ್ರ ಅಳುವುದು ನ್ಯಾಯವಲ್ಲ.

ಇಂದು ಪಹಾಡ್‌ಗಂಜ್, ಕರೋಲ್ ಬಾಗ್‌ಗಳಲ್ಲಿ ನಾವು ಕೋಣೆ ಹಿಡಿಯುವ ಗಲ್ಲಿಗಳು ಇವೇ. ಪಹಾಡ್‌ಗಂಜ್ ಹೊಸ ದಿಲ್ಲಿ ನಿಲ್ದಾಣದ ಎದುರಿಗೇ ಇದ್ದುದರಿಂದ ಮನೆ, ಅಂಗಡಿಗಳ ನಡುವೆ ಲಾಡ್ಜುಗಳು ತುಂಬಿಕೊಂಡವು. 1970ರ ದಶಕದಲ್ಲಿ ವಿದೇಶಿ ಹಿಪ್ಪಿಗಳಿಗೆ ಅದು ಅಚ್ಚುಮೆಚ್ಚಿನ ಅಗ್ಗದ ತಾಣವಾಯಿತು. ಎಲ್ಲ ಲಾಡ್ಜುಗಳೂ ಬಿಟ್ಟುಹೋದ ಮನೆಗಳಲ್ಲೇ ಇವೆ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಗಲ್ಲಿಗಳಿಗೆ ಇನ್ನೊಂದು ನೆನಪಿದೆ ಎಂಬುದನ್ನು ಮಕ್ಕಳಿಗೆ ತಿಳಿಸದಿದ್ದರೆ ದಿಲ್ಲಿ ತೋರಿಸಿದಂತಾಗುವುದಿಲ್ಲ.

ಇಲ್ಲಿ ಇನ್ನೊಬ್ಬ ಪ್ರಯಾಣಿಕನನ್ನು ನೆನೆಯಬೇಕು. ವಿದೇಶದಲ್ಲಿ ಓದಿ ಬಂದ ಡಾ. ಅಂಬೇಡ್ಕರ್ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ತಂಗಲು ಎಲ್ಲೂ ಜಾಗ ಸಿಗಲಿಲ್ಲ. ಹೆಸರು ಮರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಹಿಂದೂ ಸ್ನೇಹಿತರಾಗಲೀ ಕ್ರೈಸ್ತ ಸ್ನೇಹಿತರಾಗಲೀ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅವರು ಊರನ್ನೇ ಬಿಡಬೇಕಾಯಿತು. ಅದೇ ವ್ಯಕ್ತಿ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1950ರ ಜನವರಿ 26ರಂದು ಜಾರಿಗೆ ಬಂದ ಆ ಸಂವಿಧಾನದ 15ನೇ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಹೆಸರನ್ನೇ ಎತ್ತಿ ಹೇಳುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಆಧಾರದಲ್ಲಿ ಯಾವ ನಾಗರಿಕನಿಗೂ ಅವುಗಳ ಪ್ರವೇಶ ತಡೆಯುವಂತಿಲ್ಲ. ಅಂಬೇಡ್ಕರ್ 1956ರಲ್ಲಿ ಕೊನೆಯುಸಿರೆಳೆದದ್ದು ದಿಲ್ಲಿಯ ಸಿವಿಲ್ ಲೈನ್ಸ್‌ನ 26, ಅಲಿಪುರ ರಸ್ತೆಯ ಮನೆಯಲ್ಲಿ. 2018ರಿಂದ ಅಲ್ಲೊಂದು ಸ್ಮಾರಕವಿದೆ. ನಮ್ಮ ಪ್ರವಾಸದ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ.

ಕಾನೂನು ಬಾಗಿಲು ತೆರೆದಿದೆ. ಆದರೂ ಫೋನಿನಲ್ಲಿ 'ಕೋಣೆ ಇದೆ' ಎಂದವರು ಹೆಸರು ಕೇಳಿದ ಮೇಲೆ 'ಈಗಷ್ಟೇ ತುಂಬಿತು' ಎನ್ನುವ ಅನುಭವ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ. ಇದು ಒಂದೇ ಸಮುದಾಯದ ದೂರಲ್ಲ. ದಲಿತರನ್ನು, ಈಶಾನ್ಯ ರಾಜ್ಯಗಳಿಂದ ಬಂದವರನ್ನು ಕೇಳಿದರೂ ಇಂಥದೇ ಕತೆ ಸಿಗುತ್ತದೆ. ಒಮ್ಮೆ ಹೀಗಾದರೆ ಮತ್ತೆ ಆ ಕಡೆ ಹೋಗುವುದೇ ಬೇಡ ಎನಿಸುತ್ತದೆ. ಮಕ್ಕಳ ಎದುರು ಅವಮಾನವಾಗಬಾರದೆಂಬ ಹಿರಿಯರ ಅಳುಕನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಆ ಅಳುಕೇ ನಮ್ಮ ಶಾಶ್ವತ ವಿಳಾಸವಾಗಿಬಿಟ್ಟರೆ 1857 ಮತ್ತು 1947 ಎಳೆದ ಗೆರೆಗಳನ್ನು ನಾವೇ ಮತ್ತೆ ತಿದ್ದಿ ಗಾಢಗೊಳಿಸಿದಂತಾಗುತ್ತದೆ.

ಹಾಗಾದರೆ ಎಲ್ಲಿ ತಂಗಬೇಕು? ಮೊದಲು ವ್ಯಾವಹಾರಿಕ ಮಾತು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದವರು ಹೊಸ ದಿಲ್ಲಿ ನಿಲ್ದಾಣದಲ್ಲಿ, ಮಂಗಳೂರಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದವರು ಹಜ್ರತ್ ನಿಜಾಮುದ್ದೀನ್‌ನಲ್ಲಿ ಇಳಿಯುತ್ತಾರೆ. ಹಿಂದೆ ನಿಲ್ದಾಣದ ಬಳಿಯೇ ತಂಗುವುದು ಅನಿವಾರ್ಯವಾಗಿತ್ತು. 2002ರ ಡಿಸೆಂಬರಿನಲ್ಲಿ ಮೆಟ್ರೊ ಆರಂಭವಾದ ಮೇಲೆ ಆ ಕಟ್ಟುಪಾಡು ಸಡಿಲವಾಯಿತು. ಕರೋಲ್ ಬಾಗ್‌ಗೆ ಮೆಟ್ರೊ ಇದೆ. 2017ರಿಂದ ಜಾಮಾ ಮಸೀದಿಯ ಹೆಸರಿನಲ್ಲೇ ಒಂದು ನಿಲ್ದಾಣವಿದೆ. ವಯಸ್ಸಾದವರಿದ್ದರೆ ಹಳೆಯ ದಿಲ್ಲಿಯ ಕಡಿದಾದ ಮೆಟ್ಟಿಲು, ಗಲ್ಲಿಯ ಗದ್ದಲ ಕಷ್ಟವಾಗಬಹುದು. ಅಂಥವರಿಗೆ ಕರೋಲ್ ಬಾಗ್‌ನ ಅಗಲ ರಸ್ತೆಗಳು ಅನುಕೂಲ. ವಿಮಾನ ನಿಲ್ದಾಣದ ಬಳಿಯ ಮಹಿಪಾಲಪುರದ ಹೋಟೆಲುಗಳು ಒಂದು ರಾತ್ರಿಗೆ ಸರಿ, ಊರು ನೋಡಲು ದೂರ.

ಇನ್ನು ನಿಜಾಮುದ್ದೀನ್ ಬಸ್ತಿ. ಗುರುವಾರ ಸಂಜೆ, ಉರೂಸಿನ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿ ಹುಮಾಯೂನನ ಗೋರಿ, ಅದರ ಪಕ್ಕದ ಅರಬ್ ಕೀ ಸರಾಯ್ ಮತ್ತು 2018ರಲ್ಲಿ ಹೊಸ ರೂಪ ಪಡೆದ ಸುಂದರ್ ನರ್ಸರಿ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 1325ರಲ್ಲಿ ತೀರಿಕೊಂಡ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಮತ್ತು ಶಿಷ್ಯ ಅಮೀರ್ ಖುಸ್ರೋ ಇಲ್ಲಿದ್ದಾರೆ. ಗಾಲಿಬರ ಗೋರಿಯೂ ಇಲ್ಲಿಯೇ. 1681ರಲ್ಲಿ ತೀರಿಕೊಂಡ ಜಹಾನಾರಾ ಕೂಡ ಇದೇ ದರ್ಗಾದ ಅಂಗಳದಲ್ಲಿ ಮಲಗಿದ್ದಾಳೆ. ಅವಳ ಗೋರಿಗೆ ಸೂರಿಲ್ಲ, ಮೇಲೆ ಹುಲ್ಲಷ್ಟೇ. ಪ್ರಯಾಣಿಕರಿಗೆ ಸೂರು ಕಟ್ಟಿಸಿದವಳು ತನಗಾಗಿ ಸೂರು ಬೇಡವೆಂದಳು.

ನಮ್ಮ ಸಲಹೆ ಇಷ್ಟೇ. ಐದು ದಿನ ಇರುವುದಾದರೆ ಎರಡು ಕಡೆ ತಂಗಿ. ಸದಾ ಜಾಮಾ ಮಸೀದಿಯ ಬಳಿಯೇ ಉಳಿಯುವವರು ಎರಡು ರಾತ್ರಿ ಕರೋಲ್ ಬಾಗ್‌ನಲ್ಲಿರಲಿ. ತಿಬ್ಬಿಯಾ ಕಾಲೇಜನ್ನು ಮಕ್ಕಳಿಗೆ ತೋರಿಸಲಿ. ಪಂಜಾಬಿ ಹಿರಿಯರೊಬ್ಬರು ಸಿಕ್ಕರೆ ಅವರ ಲಾಹೋರಿನ ಮಾತು ಕೇಳಲಿ. ಸದಾ ಕರೋಲ್ ಬಾಗ್‌ಗೆ ಹೋಗುವವರು ಎರಡು ರಾತ್ರಿ ಹಳೆಯ ದಿಲ್ಲಿಯಲ್ಲೋ ನಿಜಾಮುದ್ದೀನ್‌ನಲ್ಲೋ ಕಳೆಯಲಿ. 1913ರಿಂದ ಜಾಮಾ ಮಸೀದಿಯ ಗಲ್ಲಿಯಲ್ಲಿ ನಡೆದುಬಂದಿರುವ ಕರೀಮ್ಸ್‌ನಲ್ಲಿ ಒಂದು ಊಟ, ಪೇಶಾವರದಿಂದ ಬಂದ ನಿರಾಶ್ರಿತರು ದರಿಯಾಗಂಜ್‌ನಲ್ಲಿ ಕಟ್ಟಿದ ಮೋತಿ ಮಹಲ್‌ನಲ್ಲಿ ಇನ್ನೊಂದು ಊಟ ಆಗಲಿ. ಎರಡಕ್ಕೂ ನಡುವೆ ಇರುವುದು ಸ್ವಲ್ಪವೇ ದೂರ.

ಕೋಟೆ, ಮಿನಾರುಗಳನ್ನು ಎಲ್ಲಿಂದ ಹೋದರೂ ನೋಡಬಹುದು, ಅವು ಬದಲಾಗುವುದಿಲ್ಲ. ಆದರೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾರು ಎದುರಾಗುತ್ತಾರೆ, ಮಕ್ಕಳು ಯಾರ ಮಾತು ಕೇಳಿ ಬೆಳೆಯುತ್ತಾರೆ ಎಂಬುದನ್ನು ನಾವು ತಂಗಿದ ಮೊಹಲ್ಲಾ ನಿರ್ಧರಿಸುತ್ತದೆ. ಜಹಾನಾರಾಳ ಸರಾಯ್ ಇಂದಿಲ್ಲ. ಹೊಸಬನಿಗೆ ಊರಿನ ನಡುಮಧ್ಯೆ ಜಾಗವಿರಬೇಕೆಂಬ ಅವಳ ಆಶಯವನ್ನು ಉಳಿಸಿಕೊಳ್ಳುವುದು ಹೋಟೆಲಿನವರ ಹೊಣೆ ಎಷ್ಟೋ, ಅಲ್ಲಿಗೆ ಹೋಗಿ ತಂಗುವ ನಮ್ಮ ಹೊಣೆಯೂ ಅಷ್ಟೇ.