ಪದಕದ ಅಂಚಿನ ಹೆಸರು

ಮೊದಲ ಮಹಾಯುದ್ಧದ ತರುವಾಯ ಬ್ರಿಟಿಷ್ ಸಾಮ್ರಾಜ್ಯವು ತನ್ನ ಯೋಧರಿಗೆ ಹಂಚಿದ ವಿಜಯಪದಕಗಳ ಸಂಖ್ಯೆ ಐವತ್ತು ಲಕ್ಷವನ್ನು ಮೀರುತ್ತದೆ. ಕಂಚಿನ ಬಿಲ್ಲೆ, ಮುಂಬದಿಯಲ್ಲಿ ರೆಕ್ಕೆ ಹರಡಿ ನಿಂತ ವಿಜಯದೇವತೆ, ಹಿಂಬದಿಯಲ್ಲಿ, ನಾಗರಿಕತೆಗಾಗಿ ನಡೆದ ಮಹಾಯುದ್ಧವಿದು ಎಂಬ ಅರ್ಥದ ಬರಹ. ಇಷ್ಟು ಹೇರಳವಾದ ವಸ್ತುವನ್ನು ಅಪೂರ್ವವೆನ್ನಲಾಗದು. ಆದರೆ ಪಡೆದವನ ಸೇನಾಸಂಖ್ಯೆಯನ್ನೂ ಹೆಸರನ್ನೂ ಅದರ ತೆಳ್ಳನೆಯ ಅಂಚಿನಲ್ಲಿ ಅಚ್ಚೊತ್ತಿರುವರು. ಫ್ರೆಂಚರು ತಮ್ಮ ವಿಜಯಪದಕಕ್ಕೆ ಈ ಶ್ರಮವನ್ನು ವಹಿಸಲಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿದ್ದ ಇಂಥದೊಂದು ಪದಕ ಕೆನಡಾದ ಇತಿಹಾಸಕಾರ ಸಂದೀಪ್ ಸಿಂಗ್ ಬ್ರಾರ್ ಅವರ ಕೈಸೇರಿತು. ಭಾರತೀಯ ಸೇನೆಯ ಸಿಖ್ಖರು ಆ ಯುದ್ಧದಲ್ಲಿ ಬಹುಸಂಖ್ಯೆಯಲ್ಲಿ ಕಾದಿದ್ದು ಎಲ್ಲರೂ ಬಲ್ಲ ಸಂಗತಿ. ಅಂಚಿನ ಅಕ್ಷರಗಳು ಸೂಚಿಸಿದ್ದಾದರೋ ಕೆನಡಾದ ಪದಾತಿ ದಳದ ಒಬ್ಬ ಸಿಖ್ಖನನ್ನು! ದಾಖಲೆಗಳನ್ನು ಶೋಧಿಸಿದಾಗ ಬುಕ್ಕಂ ಸಿಂಗ್ ಎಂಬವನ ಬಾಳು ಬೆಳಕಿಗೆ ಬಂತು.

ಪಂಜಾಬಿನ ಈ ಹುಡುಗ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದದ್ದು 1907ರಲ್ಲಿ. ಅದೇ ವರ್ಷ ಆ ಪ್ರಾಂತವು ಭಾರತೀಯರ ಮತದಾನದ ಹಕ್ಕನ್ನು ಕಸಿದುಕೊಂಡಿತು. ಅದು ಮರಳಿ ದೊರೆತದ್ದು 1947ರಲ್ಲಿ. ತಾಯ್ನಾಡಿನಿಂದ ನಡುವೆ ಎಲ್ಲಿಯೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗಷ್ಟೇ ಪ್ರವೇಶವೆಂಬ ನಿಯಮ 1908ರಲ್ಲಿ ಹುಟ್ಟಿತು. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ನಿಯಮದ ಜಾಣತನ ಅಲ್ಲಿಯೇ ಇತ್ತು. 1914ರ ಜುಲೈ 23ರಂದು 'ಕೊಮಗಾಟ ಮಾರು' ಹಡಗನ್ನು ವ್ಯಾಂಕೂವರಿನಿಂದ ಹಿಂದಕ್ಕಟ್ಟಿದರು. ಅದರಲ್ಲಿ ಬಂದವರು 376 ಮಂದಿ. ಇಳಿಯಲು ಅನುಮತಿ ದೊರೆತದ್ದು ಕೆಲವರಿಗೆ ಮಾತ್ರ. ಹನ್ನೆರಡೇ ದಿನಗಳ ಬಳಿಕ ಯುದ್ಧ ಘೋಷಣೆಯಾಯಿತು.

ಮರುವರ್ಷ ಬುಕ್ಕಂ ಸಿಂಗ್ ಒಂಟಾರಿಯೋದಲ್ಲಿ ಸೇನೆಗೆ ಸೇರಿದ. ಏಕೆ ಸೇರಿದನೆಂದು ಊಹಿಸುವುದಕ್ಕಿಂತ ಸೇರಿದನೆಂಬುದನ್ನು ಗಮನಿಸುವುದೇ ಲೇಸು. 20ನೆಯ ಕೆನಡಾ ಪದಾತಿ ದಳದೊಡನೆ ಫ್ಲಾಂಡರ್ಸ್ ರಣಭೂಮಿಯಲ್ಲಿ ನಿಂತು 1916ರಲ್ಲಿ ಎರಡು ಬಾರಿ ಗಾಯಗೊಂಡ. ಒಮ್ಮೆ ಅವನಿಗೆ ಶುಶ್ರೂಷೆ ನಡೆದದ್ದು ಕವಿಯೂ ವೈದ್ಯನೂ ಆದ ಜಾನ್ ಮೆಕ್ರೇ ದುಡಿಯುತ್ತಿದ್ದ ಆಸ್ಪತ್ರೆಯಲ್ಲಿ. ಗಾಯಗಳಿಂದ ಉಳಿದವನನ್ನು ಕ್ಷಯವು ಹಿಡಿಯಿತು. 1919ರ ಆಗಸ್ಟಿನಲ್ಲಿ, ಒಂಟಾರಿಯೋದ ಕಿಚನರ್ ಪಟ್ಟಣದಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ.

ನಾಗರಿಕತೆಯ ಹೆಸರು ಹೊತ್ತ ಆ ಕಂಚು ಯಾರ ಯಾರ ಕೈದಾಟಿ ಲಂಡನ್ನಿಗೆ ಬಂತೋ! ಅಂಚಿನ ಅಕ್ಷರಗಳು ಸವೆದಿದ್ದರೆ ಅದು ಐವತ್ತು ಲಕ್ಷದಲ್ಲಿ ಒಂದಾಗಿಯೇ ಉಳಿಯುತ್ತಿತ್ತು. ಆ ಹೆಸರಿನ ಜಾಡು ಹಿಡಿದು ಬ್ರಾರ್ ಕಿಚನರಿನ ಮೌಂಟ್ ಹೋಪ್ ಸ್ಮಶಾನದ ಸಮಾಧಿಯನ್ನು ಕಂಡುಕೊಂಡರು. ಅಂದಿನಿಂದ ನವೆಂಬರ್ ತಿಂಗಳಲ್ಲಿ ಜನರು ಅಲ್ಲಿ ಸೇರಿ ಹೂವಿರಿಸುವ ಪರಿಪಾಠ ಬೆಳೆದಿದೆ.