ಪಂಡಿತಾ ರಮಾಬಾಯಿಯವರ ಶರಣಾಗತಿ

ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿ, ತಾಯಿಯಿಂದಲೇ ಸಂಸ್ಕೃತವನ್ನು ಕಲಿತು, ಕ್ಷಾಮದಲ್ಲಿ ಮಾತಾಪಿತೃಗಳನ್ನು ಕಳೆದುಕೊಂಡ ರಮಾಬಾಯಿಯವರಿಗೆ ಕಲಕತ್ತೆಯ ವಿದ್ವಾಂಸರು 1878ರಲ್ಲಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಆದರೆ ಬಿರುದು ಸಭೆಗೆ ಸಲ್ಲುವುದು; ‘ನಾನಾರು’ ಎಂಬ ಏಕಾಂತದ ಪ್ರಶ್ನೆಗೆ ಉತ್ತರವಾಗದು. ಸ್ತ್ರೀಗೆ ವೇದಾಧಿಕಾರವಿಲ್ಲವೆಂದು ತಾವೋದಿದ ಶಾಸ್ತ್ರಗಳೇ ನುಡಿಯಲು ಅವರ ಮನಸ್ಸು ನೊಂದಿತು. 1882ರಲ್ಲಿ ಪತಿವಿಯೋಗವೂ ಒದಗಿತು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿಯೂ ಸ್ವಾತಂತ್ರ್ಯವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವಿರಲಿ ಎಂದು ವಾದಿಸಿದರು. ಸುಮಾರು ಎಂಟು ವರ್ಷಗಳ ಬಳಿಕ, ತಮಗೆ ದೊರೆತದ್ದು ಕ್ರೈಸ್ತಮತವೇ ಹೊರತು ಕ್ರಿಸ್ತನಲ್ಲವೆಂದು ಅರಿತು, ಅರ್ಹತೆಯನ್ನೆಣಿಸದೆ ಅಂಗೀಕರಿಸುವ ಕೃಪೆಗೆ ತಮ್ಮನ್ನೊಪ್ಪಿಸಿದರು.

ಕೋತಿಯ ಮರಿಯು ತಾಯಿಯನ್ನು ತಾನೇ ಅಪ್ಪಿ ಹಿಡಿಯುವುದು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿ ಒಯ್ಯುವುದು. ಈ ಮಾರ್ಜಾರಕಿಶೋರನ್ಯಾಯವನ್ನು ಬಲ್ಲ ನಮಗೆ ಆ ಅನುಭವವು ತೀರ ಅಪರಿಚಿತವಲ್ಲ.

ಕೃಪೆಯನ್ನು ನಂಬಿದವನು ಕರ್ಮವನ್ನು ಬಿಡುವನೆಂಬ ಆಕ್ಷೇಪವುಂಟು. ಕೇಡಗಾಂವಿನ ಮುಕ್ತಿಸದನವೇ ಅದಕ್ಕೆ ಸಮಾಧಾನ. 1896-97ರ ಕ್ಷಾಮದಲ್ಲಿ ನೂರಾರು ಬಾಲೆಯರಿಗೆ ಅಲ್ಲಿ ಅನ್ನ, ಆಶ್ರಯ, ವಿದ್ಯೆಗಳು ದೊರೆತುವು. 1922ರಲ್ಲಿ ಕಾಲವಾದ ರಮಾಬಾಯಿಯವರು ಬೈಬಲ್ಲನ್ನು ಮರಾಠಿಗೂ ಪರಿವರ್ತಿಸಿದರು. ಕ್ಷಾಮದಿಂದ ತಬ್ಬಲಿಯಾದವರೇ ಕ್ಷಾಮದ ತಬ್ಬಲಿಗಳಿಗೆ ತಾಯಿಯಾದರು.